ಏಳೇ ಎಂದ ಹಟ್ಟಿ

ಭೋಜನ್‌ನ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ಊಟಿಯಲ್ಲಿ, ಒಂದು ಕಚೇರಿಯ ಮುಂದಿನ ಸಾಲಿನಲ್ಲಿ. ನನ್ನ ಗಂಡ ಬೆಳ್ಳಿ ತೀರಿಕೊಂಡು ಒಂದು ವರ್ಷ ದಾಟಿತ್ತು. ವಿಧವೆಯರ ಪಿಂಚಣಿಗೆ ಬೇಕಾದ ಸರ್ಟಿಫಿಕೇಟಿಗಾಗಿ ಅದೆಷ್ಟನೆಯ ಸಲವೋ ಬಂದು ನಿಂತಿದ್ದೆ. ಎರಡು ಸಾವಿರದ ಎರಡನೆಯ ಇಸವಿ, ಜುಲೈ. ಆ ತಿಂಗಳಲ್ಲಿ ಊಟಿಯಲ್ಲಿ ಸುರಿಯುವುದನ್ನು ಮಳೆ ಎನ್ನಲೂ ಆಗದು, ಮಂಜು ಎನ್ನಲೂ ಆಗದು. ಸಾಲು ಬಾಗಿಲು ದಾಟಿ, ಮೆಟ್ಟಿಲಿಳಿದು, ಅಂಗಳದ ಸೈಪ್ರಸ್ ಮರದ ಬುಡಕ್ಕೆ ಬಂದಿತ್ತು. ನನ್ನ ಛತ್ರಿಯ ನೀರು ಮುಂದಿನವಳ ಬೆನ್ನಿಗೆ, ಹಿಂದಿನವಳ ಛತ್ರಿಯ ನೀರು ನನ್ನ ಬೆನ್ನಿಗೆ.

ಮುಂದೆ ನಿಂತವಳು ಹುಬ್ಬತಲೈಯ ವಸಂತಾಮಣಿ. ಅವಳ ಊರು ನಮ್ಮ ಹಟ್ಟಿಯ ಎದುರು ಗುಡ್ಡ. ನಮ್ಮ ಅಂಗಳದಿಂದ ಕೂಗಿದರೆ ಅಲ್ಲಿನ ನಾಯಿ ಬೊಗಳುವಷ್ಟು ಹತ್ತಿರ. ನಮ್ಮ ಬೆಟ್ಟದ ಮಾತಿನಲ್ಲಿ ನಂಗ ಎಂದರೆ ನಾವು, ನಮ್ಮ; ನಿಂಗ ಎಂದರೆ ನೀವು, ನಿಮ್ಮ. ಅವಳು ಹಿಂದೆ ತಿರುಗಿ ಹೇಳಿದಳು:

"ಇನ್ನ ಸ್ವಲ್ಪ ದಿನ ತಾಳು ಅಕ್ಕ. ನಂಗ ಭೋಜನ್ ಈ ಆಫೀಸನ್ನೇ ಹಟ್ಟಿಗೆ ತಂದು ಇಡ್ತಾನಂತೆ. ಒಂದು ಪೆಟ್ಟಿಗೆ ಒಳಗೆ."

"ಯಾರವ್ವ ಭೋಜನ್?"

"ನನ್ನ ಅಣ್ಣನ ಮಗ. ಕೂನೂರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸ್ತಾನೆ. ಸರ್ಟಿಫಿಕೇಟು, ಜಮೀನಿನ ಪಟ್ಟಾ, ಟೀ ಎಲೆ ರೇಟು, ಎಲ್ಲಾ ಆ ಪೆಟ್ಟಿಗೇಲೇ ಬರುತ್ತಂತೆ."

"ಪೆಟ್ಟಿಗೆಗೆ ಕರೆಂಟ್ ಬ್ಯಾಡವಾ? ನಂಗ ಹಟ್ಟೀಲಿ ಗಾಳಿ ಬೀಸಿದ್ರೆ ಹೋಗುತ್ತೆ, ಗಾಳಿ ನಿಂತ್ರೂ ಬರೋದಿಲ್ಲೆ."

"ಕರೆಂಟ್ ಇಲ್ಲೆ ಅಕ್ಕ. ಸೂರ್ಯ. ಬಿಸಿಲಲ್ಲಿ ಓಡುತ್ತೆ."

ನಾನು ಛತ್ರಿ ಸರಿಸಿ ಮೇಲೆ ನೋಡಿದೆ. ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ನನಗೆ ನಗು ಬಂತು, ಅವಳಿಗೂ ಬಂತು. ಹಿಂದಿದ್ದ ಇನ್ನೊಬ್ಬಳು, "ಬಿಸಿಲನ್ನೂ ಅವನೇ ತರ್ತಾನಾ? ಎಲ್ಲಿಂದ, ಬೆಟ್ಟದ ಕೆಳಗಿನ ಮೇಟುಪಾಳಯದಿಂದ ಲಾರೀಲಾ?" ಎಂದಳು. ಚಳಿಯಲ್ಲಿ ನಡುಗುತ್ತಲೇ ಸಾಲಿನವರೆಲ್ಲ ನಕ್ಕರು.

ವಸಂತಾಮಣಿ ಮೊದಲು ನಗು ನಿಲ್ಲಿಸಿದಳು. "ಅವನವ್ವ ಕಮಲಂ ಹೋದ ವರ್ಷ ಇದೇ ಮರದ ಕೆಳಗೇ ನಿಂತಿದ್ದಳು ಅಕ್ಕ. ನೆನೆದಳು, ಜ್ವರ ಬಂತು, ಎದೆಗೆ ಇಳೀತು. ಅಷ್ಟೇ. ಅವಳು ಕೇಳಿದ ಕಾಗದ ಅವಳನ್ನ ಮಣ್ಣಿಗೆ ಇಟ್ಟ ಮೇಲೆ ಬಂತು. ಅಂದಿಂದ ಇವನಿಗೆ ಈ ಪೆಟ್ಟಿಗೆದೇ ಹುಚ್ಚು."

ಆ ದಿನವೂ ನನಗೆ ಕಾಗದ ಸಿಗಲಿಲ್ಲ. ಬಸ್ಸಿನಲ್ಲಿ, ಮೈಗೆ ಹೊದ್ದ ಒದ್ದೆ ಸೀಲೆ ಬಟ್ಟೆ ಹಿಂಡುತ್ತಾ, ಆ ಹುಚ್ಚ ಹೇಗಿರುತ್ತಾನೋ ಎಂದುಕೊಂಡು ಬಂದೆ.

ಜನವರಿಯಲ್ಲಿ ಅವನೇ ಬಂದ. ಉದ್ದ ಆಳು, ಕನ್ನಡಕ, ಅವ್ವ ಹೆಣೆದ ಕಂದು ಸ್ವೆಟರು. ಮೊಣಕೈ ಹತ್ತಿರ ನೂಲು ಬಿಟ್ಟುಹೋಗಿತ್ತು. ಹೊಲಿಯುವವರು ಮನೆಯಲ್ಲಿಲ್ಲ ಎಂದು ಅದೇ ಹೇಳುತ್ತಿತ್ತು. ನಮ್ಮ ಹೊಸ್ತಿಲ ಹತ್ತಿರ ಟೋಪಿ ತೆಗೆದು ನನ್ನ ಮುಂದೆ ತಲೆ ಬಗ್ಗಿಸಿದ. ನಮ್ಮ ಬೆಟ್ಟದಲ್ಲಿ ಹಿರಿಯರ ಎದುರು ಕಿರಿಯರು ಹಾಗೆಯೇ ಬರುವುದು. ಬಗ್ಗಿದ ತಲೆಯ ಮೇಲೆ ಹಿರಿಯರು ಕೈ ಇಟ್ಟು ಹರಸುತ್ತಾರೆ. ಯಾರ ಮಗ, ಯಾವ ಹಟ್ಟಿ ಎಂದು ಕೇಳುವುದೆಲ್ಲ ಆಮೇಲೆ. ತಲೆ ಬಗ್ಗಿದರೆ ಕೈ ತಾನಾಗಿಯೇ ಹೋಗುತ್ತದೆ, ಬಾಯಿ ತಾನಾಗಿಯೇ ಆಡುತ್ತದೆ.

"ಒಂದು ಸಾವಿರಾಗಲಿ, ಬದುಕಿ ಬಾಳು," ಎಂದೆ.

"ನಾನು ಹುಬ್ಬತಲೈ ಭೋಜನ್, ಹೆತ್ತೆ. ಡಾಕ್ಟರ್ ಪಟ್ಟಕ್ಕೆ ಓದ್ತಾ ಇದ್ದೀನಿ."

ಹೆತ್ತೆ ಎಂದರೆ ನಮ್ಮಲ್ಲಿ ಅಜ್ಜಿ. ನಾನು ಸೀರೆ ಸ್ವಲ್ಪ ಎತ್ತಿ, "ಹಂಗಾದ್ರೆ ಈ ಮಂಡಿ ನೋಡು ತಮ್ಮ, ಇಳಿಜಾರಲ್ಲಿ ಹಿಡಿಯುತ್ತೆ," ಎಂದೆ.

"ಮಂಡಿ ನೋಡೋ ಡಾಕ್ಟರ್ ಅಲ್ಲ ಹೆತ್ತೆ. ಸೇವೆ ನೋಡೋ ಡಾಕ್ಟರ್."

ಹೊಗೆ ಬಿಡದ, ಸೌದೆ ಕೇಳದ, ಡೀಸೆಲ್ ಕುಡಿಯದ ಯಂತ್ರ ಬೆಟ್ಟಕ್ಕೆ ಒಳ್ಳೆಯದು. ಆದರೆ ಅದು ಜನರಿಗೆ ಕೊಡುವ ಸೇವೆ ಹೇಗಿರುತ್ತದೆ? ಕೇಳಿದ ದಿನ ಕೇಳಿದ್ದು ಬರುತ್ತದೆಯೇ, ಕೆಟ್ಟಾಗ ಯಾರಾದರೂ ಬಂದು ನೋಡುತ್ತಾರೆಯೇ? ಅದನ್ನು ಬಳಸುವವರ ಬಾಯಿಂದಲೇ ಕೇಳಿ, ಕೂಡಿಸಿ, ಬರೆಯುವುದು ಅವನ ಓದು. ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ವಿವರಿಸಿದ. "ಯಂತ್ರ ಬೆಟ್ಟಕ್ಕೆ ಒಳ್ಳೇದಿದ್ದು ಜನಕ್ಕೆ ಕೆಲಸಕ್ಕೆ ಬರದಿದ್ರೆ ಏನ ಫಲ ಹೆತ್ತೆ? ಎರಡೂ ಒಟ್ಟಿಗೆ ಆಗುತ್ತಾ ಅಂತ ನೋಡ್ಬೇಕು."

ನಮ್ಮ ಮನೆಯ ಪಕ್ಕ ಎಲೆ ತೂಗುವ ಹಳೆಯ ಶೆಡ್ ಖಾಲಿ ಇತ್ತು. ಎಲೆ ರೇಟು ಬಿದ್ದ ಮೇಲೆ ಅಲ್ಲಿಗೆ ಏಜೆಂಟರು ಬರುವುದೂ ನಿಂತಿತ್ತು. ಊರ ಗೌಡ ಲಿಂಗ ಅದನ್ನು ಕೊಟ್ಟ. ಕೋಯಮತ್ತೂರಿನ ಒಂದು ಕಂಪನಿ ಬಿಸಿಲಿನ ಹಲಗೆ, ಬ್ಯಾಟರಿ, ಕಂಪ್ಯೂಟರ್, ಪ್ರಿಂಟರ್ ಕಳಿಸಿತು. ಲಿಂಗನ ಸೊಸೆ ಅಭಿನಯಾ ಹನ್ನೆರಡನೆಯ ಕ್ಲಾಸು ಪಾಸಾಗಿದ್ದಳು. ಅವಳನ್ನು ಅದರ ಮುಂದೆ ಕೂರಿಸಿದರು. ಬೀಗದ ಕೈ ನನ್ನ ಹತ್ತಿರ.

ಆ ಬೇಸಿಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೂರು ಬದಿಯಲ್ಲೂ ಟೀ ಗಿಡ ಹೊಳೆಯುತ್ತಿತ್ತು, ಶೆಡ್ಡಿನ ಮೇಲೆ ಆ ನೀಲಿ ಹಲಗೆ ಹೊಳೆಯುತ್ತಿತ್ತು. ಒಂದು ಮಧ್ಯಾಹ್ನ ಅಭಿನಯಾ ಓಡಿ ಬಂದಳು. "ಮಾಸಿ ಹೆತ್ತೇ! ನಿನ್ನ ಸರ್ಟಿಫಿಕೇಟು!" ಮಾಸಿ ನನ್ನ ಹೆಸರು. ಬೆಚ್ಚಗಿನ ಕಾಗದ, ಆಗತಾನೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ. ಊಟಿಯಲ್ಲಿ ಮರದ ಕೆಳಗೆ ನೆನೆದು ನೆನೆದು ಸಿಗದಿದ್ದದ್ದು, ಮನೆಯ ಚಪ್ಪಲಿಯಲ್ಲೇ ಸಿಕ್ಕಿತು. ಭೋಜನ್ ಬಾಗಿಲಿಗೆ ಒರಗಿ ನಿಂತಿದ್ದ. ನಾನು ಆ ಕಾಗದ ಕಣ್ಣಿಗೆ ಒತ್ತಿಕೊಂಡಾಗ ಅವನು ಮುಖ ಆ ಕಡೆ ತಿರುಗಿಸಿದ. ಅವ್ವನ ನೆನಪಾಯಿತೇನೋ.

ಅವನು ನಕ್ಕದ್ದನ್ನು ಹೆಚ್ಚು ನೋಡಿದ್ದು ಆ ಕೆಲವು ತಿಂಗಳಲ್ಲೇ.

ಜೂನ್ ಬಂತು. ಮಂಜು ಕಣಿವೆಯಿಂದ ಮೇಲೆ ಹತ್ತಿ ಬಂದು ಹಟ್ಟಿಯ ಮೇಲೆ ಕೂತಿತು. ಒಂದು ಬೆಳಗ್ಗೆ ಪೆಟ್ಟಿಗೆ ಕಣ್ಣು ಬಿಡಲಿಲ್ಲ. ಅಭಿನಯಾ ಗುಂಡಿ ಒತ್ತಿದಳು, ತಟ್ಟಿದಳು, ಊದಿದಳು. ಬ್ಯಾಟರಿಗಳು ಬೇಸಿಗೆಯಲ್ಲೇ ಸೊರಗಿದ್ದವು. ಈಗ ಉಣ್ಣಲು ಬಿಸಿಲೇ ಇಲ್ಲ. ಜನ ಬಂದರು, ಕತ್ತಲೆ ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ಕೂತರು, "ಪರವಾಗಿಲ್ಲೆ ಮಗ, ನೀನೇನ ಮಾಡ್ತೀಯ," ಎಂದು ಅಭಿನಯಾಳಿಗೇ ಸಮಾಧಾನ ಹೇಳಿ, ಮತ್ತೆ ಊಟಿ ಬಸ್ಸು ಹತ್ತಿದರು.

ಭೋಜನ್‌ಗೆ ಇದು ಮೊದಲೇ ಗೊತ್ತಿತ್ತು. ಒಂದು ಹಲಗೆ, ಆ ಬ್ಯಾಟರಿ ಬೆಟ್ಟದ ಮಳೆಗಾಲಕ್ಕೆ ಸಾಲದೆಂದು ಕಂಪನಿಗೆ ಹೇಳಿದ್ದ. ಅಲ್ಲಿನ ಅಧಿಕಾರಿ ಒಂದೇ ಮಾತು ಆಡಿದನಂತೆ: ನೀನು ಹೇಳಬೇಡ, ಬಳಸುವ ಜನ ಹೇಳಲಿ. ನಿನ್ನ ಅಧ್ಯಯನದಲ್ಲಿ ಸೇವೆ ಚೆನ್ನಾಗಿಲ್ಲ ಎಂದು ಬಂದರೆ ಇನ್ನೊಂದು ಹಲಗೆ, ಹೊಸ ಬ್ಯಾಟರಿ ಕೊಡುತ್ತೇವೆ. ಚೆನ್ನಾಗಿದೆ ಎಂದು ಬಂದರೆ ಇರುವುದೇ ಸಾಕು, ಊರಿಗೆ ಒಪ್ಪಿಸಿ ಕೈ ತೊಳೆಯುತ್ತೇವೆ.

"ಇದಕ್ಕಿಂತ ಸುಲಭ ಏನ ಇದೆ ಹೆತ್ತೆ?" ಎಂದ ಭೋಜನ್. "ಜನ ಇದ್ದದ್ದು ಇದ್ದಂಗೆ ಹೇಳಿದ್ರೆ ಸಾಕು."

ಆಗಸ್ಟಿನಲ್ಲಿ ಮನೆಮನೆಗೆ ಹೊರಟ. ದಾರಿ ತೋರಿಸಲು ನಾನೂ ಜೊತೆಗೆ ಹೋದೆ. ಒಂದರಿಂದ ಏಳರೊಳಗೆ ಅಂಕಿ ಹೇಳಬೇಕು. ತೀರಾ ಕೆಟ್ಟದ್ದಕ್ಕೆ ಒಂದು, ತುಂಬಾ ಚೆನ್ನಾಗಿದ್ದರೆ ಏಳು. ಮೊದಲ ಮನೆ ಲಿಂಗನದು. ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ. ಭೋಜನ್ ಹೋದವನೇ ಟೋಪಿ ತೆಗೆದು ಬಗ್ಗಿದ. ಲಿಂಗ ಕೈ ಇಟ್ಟ. "ಒಂದು ಸಾವಿರಾಗಲಿ, ಅಪ್ಪನಿಲ್ಲದ ಮಗ, ಬದುಕಿ ಬಾಳು. ಕೂರು. ಏನ ಕೇಳ್ಬೇಕು ಕೇಳು."

"ಶೆಡ್ಡಿನ ಕೇಂದ್ರದಲ್ಲಿ ಕೇಳಿದ ಕಾಗದ ಹೇಳಿದ ದಿನ ಸಿಗುತ್ತಾ ಗೌಡ್ರೇ?"

"ಏಳು."

"ಪೂರ್ತಿ ಕೇಳಿ ಗೌಡ್ರೇ. ಕಂಪ್ಯೂಟರ್ ನಿಂತ್ರೆ..."

"ಅದಕ್ಕೂ ಏಳು."

"ಎರಡು ತಿಂಗಳಿಂದ ನಿಂತೇ ಇದೆಯಲ್ಲ!"

"ನಿಂತ್ರೆ ನಿಲ್ಲಲಿ, ಓಡ್ತಾ ಇದ್ದದ್ದು ತಾನೇ ನಿಲ್ಲೋದು? ಏಳಕ್ಕಿಂತ ಮೇಲೆ ಇಲ್ಲವಾ? ಇದ್ರೆ ಅದನ್ನೇ ಬರಕೋ."

ಭೋಜನ್ ನನ್ನ ಮುಖ ನೋಡಿದ. ಮುಂದಿನ ಮನೆಯಲ್ಲೂ ಬಗ್ಗಿದ, ಹರಸಿದರು, ಏಳು ಎಂದರು. ಅದರ ಮುಂದಿನದರಲ್ಲೂ ಏಳು. ಹಿಂದಿನ ದಿನವಷ್ಟೇ ಊಟಿಯ ಸಾಲಿನಲ್ಲಿ ನೆನೆದು ಬಂದ ಒಬ್ಬಳು, ಮೂಗು ಒರೆಸಿಕೊಳ್ಳುತ್ತಾ, ಏಳು ಎಂದಳು. ಕೊನೆಗೆ ನಮ್ಮ ಮನೆ. ನನ್ನ ಮುಂದೆಯೂ ಬಗ್ಗಿದ, ನಾನೂ ಕೈ ಇಟ್ಟೆ, ನಾನೂ ಏಳು ಎಂದೆ.

"ನೀನೂನಾ ಹೆತ್ತೆ?"

"ತಮ್ಮ, ಒಂದು ಸಾವಿರಾಗಲಿ ಅಂತ ಈಗ ತಾನೇ ಅಂದೆ. ಅದೇ ಬಾಯಲ್ಲಿ, ಕೈ ಇನ್ನೂ ಬೆಚ್ಚಗಿರುವಾಗಲೇ, ಎರಡು ಅಂತ ಹೆಂಗೆ ಅನ್ನೋದು? ನಿನ್ನ ಕೆಲಸಕ್ಕೆ ಅದು ತಾಗಲ್ಲವಾ?"

ಅವನು ಹಣೆಯನ್ನು ಬಾಗಿಲ ಕಂಬಕ್ಕೆ ಒತ್ತಿಕೊಂಡು ನಿಂತ. ಹೊರಗೆ ಹಲಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕೋಯಮತ್ತೂರಿನ ಅವನ ಪ್ರೊಫೆಸರು ಎಲ್ಲವನ್ನೂ ಹಿಂದಕ್ಕೆ ಕೊಟ್ಟರು. ಎಲ್ಲರೂ ಏಳು ಎಂದರೆ ಯಾರೂ ಏನೂ ಹೇಳಿಲ್ಲ ಎಂದೇ ಅರ್ಥ, ಇದರಿಂದ ಅಧ್ಯಯನ ಆಗದು ಎಂದರಂತೆ. ನೀನು ಅವರಿಗೆ ಮನೆ ಮಗನ ಹಾಗೆ, ಹೊರಗಿನವರನ್ನು ಕಳಿಸಿ ನೋಡು ಎಂದರಂತೆ. ಹಾಗಾಗಿ ಮರು ವರ್ಷದ ಮಳೆಯಲ್ಲಿ ಬಯಲು ಸೀಮೆಯಿಂದ ಮಲರ್‌ಕೊಡಿ ಎಂಬ ಹುಡುಗಿ ಬಂದಳು. ತೆಳ್ಳನೆಯ ಚೂಡಿದಾರ, ಕಾಲಿಗೆ ಸಾಕ್ಸಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮ ಹೆಂಗಸರು ಅವಳನ್ನು ಒಲೆ ಮುಂದೆ ಕೂರಿಸಿ, ಸೀಲೆ ಹೊದಿಸಿ, ಬಿಸಿ ಅನ್ನಕ್ಕೆ ಅವರೆಕಾಳಿನ ಉದಕ ಎಂಬ ಸಾರು ಹಾಕಿ ಉಣಿಸಿದರು. ಅವಳಿಗೆ ಬಗ್ಗುವುದು ಗೊತ್ತಿರಲಿಲ್ಲ, ಯಾರೂ ಹರಸಲಿಲ್ಲ. ಆದರೂ ಏಳು.

ಸಂಜೆ ಅವಳು ನಮ್ಮ ಮನೆಗೆ ಬಂದು, ತಮಿಳಿನಲ್ಲಿ ನನ್ನನ್ನು ಅಜ್ಜಿ ಎಂದು ಕರೆದು ಕೇಳಿದಳು, "ಪಾಟಿ, ಒಬ್ಬರು ನನಗೆ ಉಣ್ಣಿಸ್ತಾ ಉಣ್ಣಿಸ್ತಾ ಇಡೀ ವಾರ ಊಟಿಗೆ ಅಲೆದೆ ಅಂದರು. ಅಂಕಿ ಕೇಳಿದರೆ ಏಳು ಅಂದರು. ಯಾಕೆ?"

ಪಕ್ಕದಲ್ಲಿದ್ದ ಅಭಿನಯಾ ಹೇಳಿದಳು, "ಅಷ್ಟು ದೂರದಿಂದ ಬಂದ ಹೆಣ್ಣುಮಗಳು ನೀನು. ನಂಗ ಮನೆ ಕೊಳೇನ ನಿನ್ನ ಕೈಗೆ ಕೊಟ್ಟು ಕಳಿಸೋದಾ?"

ಹುಡುಗಿ ಕಣ್ಣು ಬಿಟ್ಟು ನೋಡಿದಳು. ಹೋಗುವಾಗ ಹೆಂಗಸರು ಅವಳಿಗೆ ಕ್ಯಾರೆಟ್ಟು, ಬೀನ್ಸು ತುಂಬಿ ಕೊಟ್ಟರು. ಅವಳ ಚೀಲದಲ್ಲಿ ಅದೂ ಇತ್ತು, ಏಳುಗಳೂ ಇದ್ದವು.

ಅಷ್ಟರಲ್ಲಿ ಭೋಜನ್ ಸೊರಗತೊಡಗಿದ್ದ. ಕೂನೂರಿನ ಪಾಠದ ಕೆಲಸ ಹೋಗಿತ್ತು. ತರಗತಿ ಬಿಟ್ಟು ಹಟ್ಟಿಯಲ್ಲೇ ಇರುತ್ತಾನೆ ಎಂದು ಬಿಡಿಸಿದ್ದರು. ಕಂಪನಿ ಆ ತಿಂಗಳ ಕೊನೆಗೆ ತೀರ್ಮಾನ ಮಾಡುವುದಿತ್ತು. ಅವನು ಹಟ್ಟಿಯ ಮೈದಾನದಲ್ಲಿ ಜನರನ್ನು ಸೇರಿಸಿ ಕೈ ಮುಗಿದು ಕೇಳಿದ. "ಇದು ನನಗೆ ಹಾಕೋ ಮಾರ್ಕಲ್ಲ. ಅಭಿನಯಾಗೂ ಅಲ್ಲ. ಆ ಬ್ಯಾಟರಿಗೆ. ಚೆನ್ನಾಗಿಲ್ಲ ಅಂದ್ರೇನೇ ಹೊಸದು ಬರೋದು. ಇನ್ನೊಂದು ಸಲ ಬರ್ತೀನಿ. ದಯವಿಟ್ಟು ಇದ್ದದ್ದು ಹೇಳಿ." ಜನ ತಲೆಯಾಡಿಸಿದರು. ಒಬ್ಬ ಮುದುಕ, "ಹೇಳ್ತೀವಿ ಮಗ, ನಿನಗಾಗಿ ಅಷ್ಟೂ ಮಾಡಲ್ಲವಾ," ಎಂದ. ಆ ಮಾತಿನಲ್ಲೇ ನನಗೆ ಅನುಮಾನ ಬಂತು.

ಮರುದಿನ ಲಿಂಗನ ಮನೆ ಮುಂದೆ ಭೋಜನ್ ಹೊಸ್ತಿಲ ಹೊರಗೇ ನಿಂತ. ಟೋಪಿ ತೆಗೆಯಲಿಲ್ಲ. ಬಗ್ಗಲಿಲ್ಲ. ನಾನು ಹಿಂದೆ ನಿಂತಿದ್ದೆ. ಅವನ ಕತ್ತಿನ ನರ ಎದ್ದು ಕಾಣುತ್ತಿತ್ತು.

"ಇವತ್ತು ಹರಸಬ್ಯಾಡಿ ಗೌಡ್ರೇ. ಮೊದಲು ಅಂಕಿ ಹೇಳಿ. ಬಗ್ಗೋದು ಆಮೇಲೆ."

ಲಿಂಗ ಒಲೆ ಬಿಟ್ಟು ಎದ್ದು ಬಂದ. "ಕತ್ತಿಗೆ ಏನ ಕೋಲು ಕಟ್ಟಿಕೊಂಡು ಬಂದಿದ್ದೀಯಾ?"

"ಇಲ್ಲೆ ಗೌಡ್ರೇ. ನಾನು ಬಗ್ಗಿದ್ರೆ ನಿಂಗ ಹರಸ್ತೀರಿ. ಹರಸಿದ ಮೇಲೆ..."

"ನಿನ್ನ ಅಪ್ಪ ಈ ಹೊಸ್ತಿಲಲ್ಲಿ ಬಗ್ಗಿದ. ನಿನ್ನ ಅಜ್ಜ ನನ್ನ ಅಪ್ಪನ ಮುಂದೆ ಬಗ್ಗಿದ. ನಾಲ್ಕು ಅಕ್ಷರ ಕಲಿತದ್ದಕ್ಕೆ ನಿನಗೆ ನೆಟ್ಟಗಾಯ್ತಾ ಬೆನ್ನು? ಹೋಗು. ನಿನ್ನ ಪೆಟ್ಟಿಗೇನೂ ಹೊತ್ತುಕೊಂಡು ಹೋಗು."

ಬಾಗಿಲು ಮುಚ್ಚಿತು. ಭೋಜನ್ ಮಳೆಯಲ್ಲಿ ನಿಂತೇ ಇದ್ದ. ನಾನು ಅವನ ತೋಳು ಎಳೆದೆ, ಬರಲಿಲ್ಲ. ಪಕ್ಕದ ಮನೆಯವರು ಬಾಗಿಲಿಗೆ ಬಂದರು, ಎದುರು ಮನೆಯವರೂ ಬಂದರು. ಅವನ ಕನ್ನಡಕದ ಮೇಲೆಲ್ಲ ನೀರು. ಬಹಳ ಹೊತ್ತಾದ ಮೇಲೆ ಆ ಮುಚ್ಚಿದ ಬಾಗಿಲಿಗೇ ಅವನು ಟೋಪಿ ತೆಗೆದ. ತಲೆ ಬಗ್ಗಿಸಿದ.

ಒಳಗಿನಿಂದ ಲಿಂಗ ನೋಡುತ್ತಿದ್ದನೇನೋ, ಬಾಗಿಲು ತೆರೆಯಿತು. ಮುದುಕನ ಕಣ್ಣಲ್ಲಿ ನೀರು. ಎರಡೂ ಕೈ ಭೋಜನ್‌ನ ಒದ್ದೆ ತಲೆಯ ಮೇಲೆ ಇಟ್ಟ. "ಒಂದು ಸಾವಿರಾಗಲಿ. ಸಾವಿರ ಹತ್ತು ಸಾವಿರಾಗಲಿ. ನನ್ನ ಮಗನೇ, ಬಾ ಒಳಗೆ, ಬೆಂಕಿ ಕಾಯಿಸ್ಕೋ." ಕೂರಿಸಿದ, ತನ್ನ ಕಂಬಳಿಯನ್ನೇ ಹೊದಿಸಿದ. ಆಮೇಲೆ ಪ್ರೀತಿಯಿಂದ, "ಬರಕೋ, ಏಳು," ಎಂದ.

ಭೋಜನ್ ಬರೆದುಕೊಂಡ. ಬೇರೇನು ಮಾಡುತ್ತಾನೆ? ಉಳಿದ ಮನೆಗಳಿಗೆ ಅವನು ಹೋಗಲಿಲ್ಲ. ಆ ಮನೆಯವರು ತಾವಾಗಿಯೇ ಹುಡುಗರ ಕೈಲಿ ಏಳು ಎಂದು ಹೇಳಿ ಕಳಿಸಿದರು.

ಕಂಪನಿಯವರು ಅಕ್ಟೋಬರಿನಲ್ಲಿ ಜೀಪಿನಲ್ಲಿ ಬಂದರು. ಪುಣ್ಯಕ್ಕೋ ಪಾಪಕ್ಕೋ ಅವತ್ತು ಬಿಸಿಲಿತ್ತು, ಪೆಟ್ಟಿಗೆ ಮಿನುಗುತ್ತಿತ್ತು. ಲಿಂಗನಿಗೂ ಅಭಿನಯಾಳಿಗೂ ಹಾರ ಹಾಕಿದರು. ಇಷ್ಟು ತೃಪ್ತಿ ಇರುವ ಊರನ್ನು ಇನ್ನೆಲ್ಲೂ ಕಂಡಿಲ್ಲ ಎಂದು ಅಧಿಕಾರಿ ಭಾಷಣ ಮಾಡಿದ. ಹಟ್ಟಿ ಚಪ್ಪಾಳೆ ತಟ್ಟಿತು. ಭೋಜನ್ ಎದ್ದು, ಮಳೆಗಾಲದಲ್ಲಿ ಇದು ನಡೆಯುವುದಿಲ್ಲ ಎಂದ. ಅಧಿಕಾರಿ ನಗುತ್ತಾ, "ನಿಮ್ಮ ಅಧ್ಯಯನವೇ ನಡೆಯುತ್ತೆ ಅಂತ ಹೇಳ್ತಿದೆಯಲ್ಲ ಸಾರ್," ಎಂದ. ಜನರೂ ನಕ್ಕರು, ಅವನನ್ನು ಹೊಗಳಿದ್ದೆಂದು. ಅವನು ಕೂತುಬಿಟ್ಟ.

ಮುಂದಿನ ಜೂನಿನಲ್ಲಿ ಪೆಟ್ಟಿಗೆ ಮುಚ್ಚಿದ ಕಣ್ಣು ಮತ್ತೆ ತೆರೆಯಲಿಲ್ಲ. ಅಭಿನಯಾ ಟೀ ಫ್ಯಾಕ್ಟರಿಗೆ ಕೆಲಸಕ್ಕೆ ಹೋದಳು. ಬ್ಯಾಟರಿಗಳನ್ನು ವಾಪಸು ತೆಗೆದುಕೊಂಡು ಹೋಗಿ ಎಂದು ಭೋಜನ್ ಕಂಪನಿಗೆ ಎಷ್ಟೋ ಸಲ ಫೋನ್ ಮಾಡಿದ. ಒಪ್ಪಿಸಿದ ಮೇಲೆ ಅವು ಊರಿನವು ಎಂದರಂತೆ. ಶೆಡ್ಡಿನ ಹಿಂದೆ ಅವು ಉಬ್ಬಿಕೊಂಡು ಬಿದ್ದಿದ್ದವು, ಬಾಯಿಯ ಸುತ್ತ ಬಿಳಿ ಉಪ್ಪು ಕಟ್ಟಿಕೊಂಡು. ಮಳೆ ನೀರು ಅವುಗಳಿಂದ ಇಳಿದ ಕಡೆ ಮೊದಲು ಹುಲ್ಲು ಸುಟ್ಟಿತು, ಆಮೇಲೆ ನನ್ನ ಒಂದು ಸಾಲು ಟೀ ಗಿಡ ಒಣಗಿತು. ಬೆಟ್ಟಕ್ಕೆ ಒಳ್ಳೆಯದೆಂದು ತಂದದ್ದು. ಒಂದು ದಿನ ಭೋಜನ್ ಬಂದು ಆ ಒಣಗಿದ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಎಲೆ ಕಿತ್ತು ಅಂಗೈಯಲ್ಲಿ ಪುಡಿ ಮಾಡಿದ. "ಇದನ್ನೂ ಬರೀಬೇಕಿತ್ತು ಹೆತ್ತೆ," ಎಂದ. ಆ ಹೊತ್ತಿಗೆ ಅವನ ಓದಿನ ಅವಧಿಯೂ ಮುಗಿದು ಹೆಸರು ತೆಗೆದುಹಾಕಿದ್ದರು.

ಮತ್ತೆ ಅವನನ್ನು ಕಂಡದ್ದು ಊಟಿಯಲ್ಲಿ, ಅದೇ ಸಾಲಿನಲ್ಲಿ. ಪಿಂಚಣಿ ನಿಂತುಹೋಗಿತ್ತು, ನಾನು ಬದುಕಿದ್ದೇನೆಂದು ತೋರಿಸಿಕೊಳ್ಳಲು ಬಂದಿದ್ದೆ. ಯಾರೋ ಹಿಂದಿನಿಂದ ಛತ್ರಿ ಹಿಡಿದರು. ನೋಡಿದರೆ ಅವನು. ಕೆಳಗಿನ ರಸ್ತೆಯ ಲಾಡ್ಜೊಂದರಲ್ಲಿ ಬಂದವರ ಹೆಸರನ್ನು ಕಂಪ್ಯೂಟರಿಗೆ ಹಾಕುವ ಕೆಲಸವಂತೆ. ನನ್ನ ಕೆಲಸ ಮುಗಿಯುವ ತನಕ ಆ ಮರದ ಕೆಳಗೆ ಅವನೂ ನಿಂತ. ಆಮೇಲೆ ಚಹಾ ಕುಡಿಸಿದ.

"ಲಾಡ್ಜಲ್ಲೂ ಅಂಕಿ ಕೇಳ್ತಾರೆ ಹೆತ್ತೆ," ಎಂದ. "ರೂಮ್ ಬಿಡೋವಾಗ ಒಂದು ಕಾರ್ಡ್ ಕೊಡ್ತೀವಿ, ಸೇವೆ ಹೆಂಗಿತ್ತು ಅಂತ. ಬಿಸಿನೀರು ಸ್ವಲ್ಪ ತಡ ಆದ್ರೆ ಸಾಕು, ಒಂದು ಅಂತ ಗೀಚಿ ಬಿಸಾಕ್ತಾರೆ. ಒಂದು ಬಕೆಟ್ ನೀರಿಗೆ! ನಾನು ಆ ಕಾರ್ಡನ್ನ ಎಷ್ಟು ಹೊತ್ತು ನೋಡ್ತೀನಿ ಗೊತ್ತಾ?" ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ಅನ್ನ ಸೇರುವುದಿಲ್ಲ, ಹೊಟ್ಟೆಯಲ್ಲಿ ಏನೋ ಇದೆ ಎಂದ. ಚಹಾವನ್ನು ಅರ್ಧದಲ್ಲೇ ಬಿಟ್ಟ.

ಹೊಟ್ಟೆಯಲ್ಲಿದ್ದದ್ದು ಗೆಡ್ಡೆ. ಕೋಯಮತ್ತೂರಿನ ಆಸ್ಪತ್ರೆಯವರು ಕೊಯ್ದು ನೋಡಿ, ಹಾಗೆಯೇ ಹೊಲಿದು ಮನೆಗೆ ಕಳಿಸಿದರು. ಎರಡು ಸಾವಿರದ ಎಂಟರ ಮಳೆಗಾಲ. ವಸಂತಾಮಣಿ ಹೇಳಿ ಕಳಿಸಿದಳು, ನಿನ್ನನ್ನು ಕೇಳುತ್ತಿದ್ದಾನೆ ಅಕ್ಕ, ಬೇಗ ಬಾ ಎಂದು. ಮಂಡಿ ಹಿಡಿದುಕೊಂಡು ಗುಡ್ಡ ಇಳಿದು ಗುಡ್ಡ ಹತ್ತಿ ಹುಬ್ಬತಲೈಗೆ ಹೋದೆ.

ಕಿಟಕಿಯ ಪಕ್ಕ ಮಂಚ. ಅದೇ ಕಂದು ಸ್ವೆಟರು; ಅದರೊಳಗೆ ಅವನು ಎಲ್ಲಿದ್ದಾನೆಂದು ಹುಡುಕಬೇಕಿತ್ತು. ನನ್ನನ್ನು ಕಂಡು ಎದ್ದು ಕೂರಲು ನೋಡಿದ. ವಸಂತಾಮಣಿ ಬೆನ್ನಿಗೆ ದಿಂಬು ಕೊಟ್ಟಳು. ನನ್ನ ಕೈ ತಾನಾಗಿಯೇ ಅವನ ತಲೆಯ ಕಡೆ ಹೋಯಿತು. ಅವನು ಅರ್ಧದಲ್ಲೇ ಮಣಿಕಟ್ಟು ಹಿಡಿದ. ಒಣ ಕಡ್ಡಿಯಂಥ ಬೆರಳು, ಆದರೂ ಗಟ್ಟಿ ಹಿಡಿತ.

"ತಾಳು ಹೆತ್ತೆ. ಮೊದಲು ಅಂಕಿ."

"ಏನ ಅಂಕಿ ತಮ್ಮ ಈಗ?"

"ನಾನು ನಿಂಗ ಹಟ್ಟೀಲಿ ಇಟ್ಟದ್ದು. ಒಂದರಿಂದ ಏಳು. ಹೇಳು."

ನಾನು ವಸಂತಾಮಣಿಯ ಮುಖ ನೋಡಿದೆ. ಅವಳು ಕಣ್ಣಲ್ಲೇ, ಹೇಳು ಅಕ್ಕ, ಏಳು ಎಂದು ಹೇಳಿಬಿಡು ಎಂದಳು. ಅವನ ಹಿಡಿತ ಸಡಿಲವಾಗಲಿಲ್ಲ.

"ಎರಡು," ಎಂದೆ.

"ಯಾಕೆ ಎರಡು?"

"ಬೇಸಿಗೇಲಿ ಬಂತು. ಮಳೇಲಿ ಬರಲಿಲ್ಲೆ. ನಂಗಕ್ಕೆ ಬೇಕಿದ್ದದ್ದು ಮಳೇಲಿ. ಕೆಟ್ಟಾಗ ಅಭಿನಯಾಗೆ ಯಾರನ್ನ ಕೇಳೋದು ಅಂತ ಗೊತ್ತಿಲ್ಲೆ. ಕೇಳಿದ್ರೂ ಯಾರೂ ಬರಲಿಲ್ಲೆ. ನಾನು ಮತ್ತೆ ಅದೇ ಮರದ ಕೆಳಗೆ ನಿಂತೆ. ನನ್ನ ಟೀ ಸಾಲು ಸುಟ್ಟಿತು."

"ಇನ್ನ?"

"ಇನ್ನ ಏನ... ಆ ಒಂದು ಕಾಗದ ಬೆಚ್ಚಗೆ ಕೈಗೆ ಬಂತಲ್ಲ, ಅದಕ್ಕೆ ಎರಡು. ಅದಿಲ್ಲದಿದ್ರೆ ಒಂದೇ."

"ಅಕ್ಕಾ!" ವಸಂತಾಮಣಿ ಕೂಗಿದಳು. "ಮಂಚದಲ್ಲಿ ಬಿದ್ದಿರೋನಿಗೆ ಹೇಳೋ ಮಾತಾ ಇದು? ಬಾಯಿ ಬರುತ್ತಾ ನಿನಗೆ?"

"ಸುಮ್ಮನಿರು ಅತ್ತೆ," ಎಂದ ಭೋಜನ್. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡಿದ್ದ, ಹಸಿದವನು ಉಣ್ಣುವ ಹಾಗೆ. "ಸರಿಯಾಗಿ ಹೇಳಿದಳು. ಎಲ್ಲಾ ಬಂತು. ಇದೊಂದಕ್ಕೇ ನಾನು ಅಷ್ಟು ಬಾಗಿಲು ತಿರುಗಿದ್ದು." ಕಿಟಕಿಯ ಕಡೆ ಮುಖ ತಿರುಗಿಸಿದ. "ಎಲ್ಲಿ ಬರೀಲಿ ಹೇಳು ಈಗ."

ಕಿಟಕಿಯಾಚೆ ನಮ್ಮ ಗುಡ್ಡ ಮಂಜಿನಲ್ಲಿ ಇರಲೇ ಇಲ್ಲ. ಅವನು ನನ್ನ ಮಣಿಕಟ್ಟು ಬಿಟ್ಟ. ದಿಂಬಿನಿಂದ ಮುಂದಕ್ಕೆ ಬಾಗಲು ಹೋದ, ಆಗಲಿಲ್ಲ. ಗದ್ದವನ್ನು ಎದೆಗೆ ತಂದ, ಅಷ್ಟೇ.

"ಈಗ ಕೈ ಇಡು ಹೆತ್ತೆ," ಎಂದ. "ಸಾವಿರ ಅನ್ನಬ್ಯಾಡ. ಬದುಕು ಅನ್ನಬ್ಯಾಡ. ಸುಮ್ಮನೆ ಇಡು."